ಬೀಟೆನೋ ಹಲಸೋ, ಕಿವಿಗೆ ಗೊತ್ತಾಗತ್ತಾ?

1977ರಲ್ಲಿ ಬಿಬಿಸಿ ರೇಡಿಯೋದವರು ಒಂದು ಕಿತಾಪತಿ ಮಾಡಿದ್ರು. ನಾಲ್ಕು ಪಿಟೀಲು ತರಿಸಿದ್ರು. ಒಂದು 1725ರ ಸ್ಟ್ರಾಡಿವೇರಿಯಸ್, ಅಂದ್ರೆ ಜಗತ್ತಲ್ಲೇ ಹೆಸರಾದ ಇಟಲಿಯ ಸ್ಟ್ರಾಡಿವಾರಿ ಮಾಡಿದ್ದು, ಇನ್ನೊಂದು ಹಾಗೇ ಹೆಸರಾದ ಇಟಲಿಯ ಗ್ವಾರ್ನೇರಿ 1739ರಲ್ಲಿ ಮಾಡಿದ್ದು, ಮೂರನೇದು 1846ರಲ್ಲಿ ಫ್ರಾನ್ಸಿನ ವಿಯೋಮ್ ಮಾಡಿದ್ದು, ನಾಲ್ಕನೇದು ರೊನಾಲ್ಡ್ ಪ್ರೇಲ್ ಅನ್ನೋ ಇಂಗ್ಲೆಂಡಿನವರು ಹಿಂದಿನ ವರ್ಷ ಅಷ್ಟೇ ಮಾಡಿ ಮುಗಿಸಿದ್ದು. ಪರದೆ ಹಿಂದೆ ಒಬ್ಬರು ನಾಲ್ಕನ್ನೂ ನುಡಿಸೋದು, ಈ ಕಡೆ ಕೂತೋರು ಯಾವುದು ಯಾವುದು ಅಂತ ಹೇಳೋದು. ಕೂತಿದ್ದೋರು ಸಾಮಾನ್ಯರಲ್ಲ, ಹೆಸರಾಂತ ಪಿಟೀಲು ವಾದಕರಾದ ಐಸಾಕ್ ಸ್ಟರ್ನ್, ಪಿಂಕಾಸ್ ಜೂಕರ್‌ಮನ್, ಜೊತೆಗೆ ಲಂಡನ್ನಲ್ಲಿ ಹಳೇ ಪಿಟೀಲುಗಳನ್ನ ಪರೀಕ್ಷೆ ಮಾಡಿ ಮಾರೋದೇ ಕಸುಬಾಗಿದ್ದ ಚಾರ್ಲ್ಸ್ ಬೇರ್. ಅವರಿಗೆ ಮೊದ್ಲು ನಾಲ್ಕನ್ನೂ ಕೈಯಲ್ಲಿ ಹಿಡಿದು ನುಡಿಸಿ ನೋಡೋಕೂ ಬಿಟ್ಟಿದ್ರು. ಇಷ್ಟಾದ್ರೂ ನಾಲ್ಕರಲ್ಲಿ ಎರಡಕ್ಕಿಂತ ಜಾಸ್ತಿ ಒಬ್ಬರೂ ಸರಿ ಹೇಳ್ಲಿಲ್ಲ, ಅದರಲ್ಲಿ ಇಬ್ಬರಂತೂ ಒಂದು ವರ್ಷದ ಆ ಹೊಸ ಪಿಟೀಲನ್ನೇ ಸ್ಟ್ರಾಡಿವೇರಿಯಸ್ ಅಂದ್ಬಿಟ್ರು.

ಈ ಕಥೆ ನಮ್ಮ ಸಂಗೀತ ಕಚೇರಿ ಬಳಗದಲ್ಲಿ ಹೇಳಿದಾಗೆಲ್ಲಾ ಜನ ಎರಡು ಗುಂಪಾಗ್ತಾರೆ. ಒಂದು ಗುಂಪು "ಅದಕ್ಕೇ ನಾನು ಹೇಳೋದು, ನಾದ ಗೀದ ಎಲ್ಲಾ ಬೂಟಾಟಿಕೆ, ಹತ್ತು ಸಾವಿರದ ವೀಣೆನೂ ಒಂದೇ ಲಕ್ಷದ್ದೂ ಒಂದೇ" ಅನ್ನತ್ತೆ. ಇನ್ನೊಂದು ಗುಂಪಿಗೆ ಸಿಟ್ಟು ಬರತ್ತೆ, ಪರೀಕ್ಷೆನೇ ಸರಿ ಇಲ್ಲ, ಆ ರೇಡಿಯೋ ಸ್ಟುಡಿಯೋ ಸರಿ ಇಲ್ಲ, ನಿಜವಾದ ರಸಿಕನಿಗೆ ಕೂಡಲೇ ಗೊತ್ತಾಗತ್ತೆ ಅಂತ. ನಂಗೆ ಇಬ್ಬರ ಮಾತೂ ಒಪ್ಪಿಗೆ ಆಗಲ್ಲ. ಕಿವಿಗೆ ವ್ಯತ್ಯಾಸ ಕೇಳಿಸತ್ತೆ, ಖಂಡಿತ ಕೇಳಿಸತ್ತೆ, ಆದ್ರೆ ನಾವು ಹೊರಗೆ ಬಂದು ಕಾಫಿ ಕುಡೀತಾ ಯಾವುದನ್ನ ಕೇಳಿದ್ವಿ ಅಂತ ಹೇಳ್ಕೋತೀವಲ್ಲ, ಮರ, ವಯಸ್ಸು, ಊರು, ರೇಟು, ಅದು ಕೇಳಿಸೋದು ಬಹಳ ಅಪರೂಪ ಅಂತ ನನ್ನ ವಾದ.

ಬಿಬಿಸಿದು ತಮಾಷೆ ಅಂತ ಬಿಡೋಣ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ದೊಡ್ಡ ಪಿಟೀಲು ಸ್ಪರ್ಧೆ ನಡೀತಿದ್ದಾಗ ಪ್ಯಾರಿಸ್ಸಿನ ಧ್ವನಿವಿಜ್ಞಾನಿ ಕ್ಲಾಡಿಯಾ ಫ್ರಿಟ್ಜ್, ಪಿಟೀಲು ತಯಾರಿಸೋ ಜೋಸೆಫ್ ಕರ್ಟಿನ್ ಮತ್ತೆ ಅವರ ಜೊತೆಯವರು ಇದನ್ನೇ ಶಿಸ್ತಾಗಿ ಮಾಡಿದ್ರು. ಒಂದು ಹೋಟೆಲ್ ರೂಮು, ಮಂದ ಬೆಳಕು, ನುಡಿಸೋರ ಕಣ್ಣಿಗೆ ವೆಲ್ಡಿಂಗ್ ಕನ್ನಡಕ. ಹಳೇ ಮರದ್ದು, ಹಳೇ ವಾರ್ನಿಷ್‌ದು ವಾಸನೆ ಮೂಗಿಗೆ ಬಡಿದು ಗುಟ್ಟು ರಟ್ಟಾಗಬಾರದು ಅಂತ ಗದ್ದ ಊರೋ ಜಾಗದಲ್ಲಿ ಒಂದು ತೊಟ್ಟು ಸೆಂಟ್ ಬೇರೆ! ಮೂರು ಹಳೇದು, ಮೂರು ಹೊಸದು. ಹಳೇ ಮೂರರ ಬೆಲೆ ಸೇರಿ ಸುಮಾರು ಒಂದು ಕೋಟಿ ಡಾಲರ್, ಹೊಸ ಮೂರರದ್ದು ಸೇರಿಸಿದ್ರೆ ಅದರ ನೂರರಲ್ಲಿ ಒಂದು ಭಾಗ. 21 ಜನ ನುಡಿಸಿ ನೋಡಿದ್ರು, ಹೆಚ್ಚಿನವರು ಮನೆಗೆ ತಗೊಂಡು ಹೋಗೋಕೆ ಆರಿಸಿದ್ದು ಹೊಸದನ್ನ, ಎಲ್ಲಕ್ಕಿಂತ ಕಡಿಮೆ ಇಷ್ಟ ಆಗಿದ್ದು ಒಂದು ಸ್ಟ್ರಾಡಿವೇರಿಯಸ್.

ಗಲಾಟೆ ಆಯ್ತು, ಆಗಲೇಬೇಕಿತ್ತು. ಹೋಟೆಲ್ ರೂಮಲ್ಲಿ ಏನ್ ಗೊತ್ತಾಗತ್ತೆ ರೀ, ಅದು ಸಭಾಂಗಣಕ್ಕೆ ಅಂತ ಹುಟ್ಟಿದ ವಾದ್ಯ, ಹತ್ತಿರದಲ್ಲಿ ಮೆತ್ತಗೆ ಕೇಳಿಸಿದ್ರೂ ದೂರಕ್ಕೆ ತಲುಪತ್ತೆ ಅಂದ್ರು. ಸರಿ ಅಂತ 2012ರಲ್ಲಿ ಪ್ಯಾರಿಸ್ ಪಕ್ಕದ ವ್ಯಾನ್ಸೆನ್‌ನ ಕಚೇರಿ ಹಾಲಿನಲ್ಲೇ ಮಾಡಿದ್ರು, ಆರು ಹಳೇದು, ಆರು ಹೊಸದು, ಹತ್ತು ಜನ ಹೆಸರಾಂತ ಸೋಲೋ ಕಲಾವಿದರು, ಬೇಕಾದಷ್ಟು ಟೈಮು. ಹತ್ತರಲ್ಲಿ ಆರು ಜನ ಹೊಸದನ್ನೇ ಆರಿಸಿದ್ರು. ಯಾವುದು ಹಳೇದು ಯಾವುದು ಹೊಸದು ಹೇಳಿ ಅಂದ್ರೆ ಕಾಸು ಚಿಮ್ಮಿ ಹೇಳಿದ್ರೂ ಅಷ್ಟೇ ಸರಿ ಬರ್ತಿತ್ತು. ಆಮೇಲೆ ಕೇಳುಗರ ಸರದಿ, ಅಲ್ಲೇ 55 ಜನ, ನ್ಯೂಯಾರ್ಕಿನಲ್ಲಿ 82 ಜನ. ಅವರೂ ಬೇರ್ಪಡಿಸ್ಲಿಲ್ಲ, ಅದಕ್ಕಿಂತ ಹೆಚ್ಚಾಗಿ ಹಾಲಿನ ಕೊನೆವರೆಗೂ ಚೆನ್ನಾಗಿ ತಲುಪಿದ್ದು ಹೊಸ ಪಿಟೀಲುಗಳೇ ಅಂತ ಹೇಳಿದ್ರು. 2017ರಲ್ಲಿ ಅದು ಪ್ರಕಟ ಆಯ್ತು. ಹತ್ತಿರದಲ್ಲಿ ಮೆತ್ತಗೆ ದೂರದಲ್ಲಿ ಜೋರು ಅನ್ನೋ ಮಾತು ಅಲ್ಲಿಗೆ ಬಿತ್ತು.

ನಂಗೆ ಇದರಲ್ಲಿ ನಗು ಬರೋದು ಯಾವುದಕ್ಕೆ ಅಂದ್ರೆ, ಇಂಥ ಪರೀಕ್ಷೆ ಸರಿಯಾಗಿ ಮಾಡೋ ಎಷ್ಟೋ ಮೊದ್ಲೇ ಕಾರಣಗಳನ್ನ ಹುಡುಕಿ ಆಗಿತ್ತು. ವಾರ್ನಿಷ್ ಗುಟ್ಟು ಅಂದ್ರು, ಮರಕ್ಕೆ ಹುಳ ಹಿಡೀಬಾರದು ಅಂತ ಹಚ್ಚಿದ ಔಷಧಿ ಅಂದ್ರು, 1645ರಿಂದ 1715ರವರೆಗೆ ಸೂರ್ಯನ ಮೇಲೆ ಕಲೆಗಳು ಕಮ್ಮಿ ಇದ್ದು ಯುರೋಪಲ್ಲಿ ಚಳಿ ಜಾಸ್ತಿ ಆಗಿ ಮರ ನಿಧಾನಕ್ಕೆ ಬೆಳೆದು ಗಟ್ಟಿ ಆಯ್ತು ಅದಕ್ಕೇ ಆ ನಾದ ಅಂದ್ರು. ಕೂಸು ಹುಟ್ಟೋ ಮುಂಚೆ ಕುಲಾವಿ. ಹಾಗಂತ ಸ್ಟ್ರಾಡಿವಾರಿ ಕೆಲಸ ಏನೂ ಅಲ್ಲ ಅಂತಲ್ಲ, ಮುನ್ನೂರು ವರ್ಷ ಆದ್ಮೇಲೂ ಇವತ್ತಿನ ಅತ್ಯುತ್ತಮ ಪಿಟೀಲುಗಳ ಜೊತೆ ನಿಂತು ಪೈಪೋಟಿ ಕೊಡತ್ತೆ ಅಂದ್ರೆ ಆ ಮಹಾರಾಯನಿಗೆ ಕೈ ಮುಗೀಬೇಕು. ಆದ್ರೆ 2011ರಲ್ಲಿ ಜಪಾನಿನ ಭೂಕಂಪ ಪರಿಹಾರಕ್ಕೆ ಅಂತ ಹರಾಜಾದ 'ಲೇಡಿ ಬ್ಲಂಟ್' ಸ್ಟ್ರಾಡಿವೇರಿಯಸ್‌ಗೆ 1.59 ಕೋಟಿ ಡಾಲರ್ ಬಿತ್ತಲ್ಲ, ಆ ದುಡ್ಡಿನಲ್ಲಿ ಕಿವಿಯ ಪಾಲು ಎಷ್ಟು ಅಂತ ಯಾರಾದ್ರೂ ಲೆಕ್ಕ ಹಾಕ್ಬೇಕು.

ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಸ್ಟ್ರಾಡಿವೇರಿಯಸ್ ಇಲ್ಲ, ಆದ್ರೆ ಮರದ ಜಗಳ ಇದೆ. ತಂಜಾವೂರು ವೀಣೆ ಹಲಸಿನ ಮರದ್ದು, ಮೈಸೂರು ವೀಣೆ ಅಂದ್ರೆ ಬೀಟೆ ಅಂತ ಒಂದು ಮಾತು. ದೊಡ್ಡಬಳ್ಳಾಪುರದ ಹತ್ರ ಸಿಂಪಾಡಿಪುರದಲ್ಲಿ ಹಲಸಿನಲ್ಲೇ ವೀಣೆ ಮಾಡ್ತಾರೆ, ಅದನ್ನ ಯಾವ ಕಡೆ ಸೇರಿಸ್ಬೇಕೋ. ಬೀಟೆಗೆ ಮಾಧುರ್ಯ ಜಾಸ್ತಿ, ಹಲಸಿಗೆ ಗುಂಯ್‌ಗುಡೋದು ಜಾಸ್ತಿ ಅಂತ ಹೇಳೋರು ಎಷ್ಟು ಜನ ಇದ್ದಾರೋ, ಉಲ್ಟಾ ಹೇಳೋರೂ ಅಷ್ಟೇ ಜನ ಸಿಗ್ತಾರೆ, ಅಲ್ಲೇ ನಂಗೆ ಅನುಮಾನ ಶುರುವಾಗಿದ್ದು.

ವೀಣೆ ಮೇಲೆ ಇಂಥ ಪರೀಕ್ಷೆ ನಾನು ನೋಡಿಲ್ಲ, ಆದ್ರೆ ಗಿಟಾರ್ ಮೇಲೆ ಆಗಿದೆ, ಅದರಲ್ಲಿ ನಮ್ಮ ಬೀಟೆನೂ ಇತ್ತು. 2018ರಲ್ಲಿ ಪ್ರಕಟ ಆದ ಲ್ಯಾಂಕಾಸ್ಟರ್ ಯೂನಿವರ್ಸಿಟಿಯವರ ಕೆಲಸ. ಒಬ್ಬರೇ ತಯಾರಕರಿಂದ ಆರು ಗಿಟಾರ್ ಮಾಡಿಸಿದ್ರು, ಎಲ್ಲಾ ಒಂದೇ ಅಚ್ಚು, ಹಿಂಭಾಗ ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ. ಬ್ರೆಜಿಲ್ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್, ವಾಲ್‌ನಟ್, ಸಪೇಲೆ. ಬ್ರೆಜಿಲ್ ಬೀಟೆ ಅಂದ್ರೆ 1992ರಿಂದ ಅಂತಾರಾಷ್ಟ್ರೀಯ ವ್ಯಾಪಾರವೇ ಹೆಚ್ಚುಕಮ್ಮಿ ನಿಂತುಹೋಗಿರೋ ಮರ, ಬಂಗಾರದ ರೇಟು. 52 ಜನ ಗಿಟಾರ್ ವಾದಕರು ಕಣ್ಣು ಕಾಣದ ಹಾಗೆ ಮಾಡ್ಕೊಂಡು ನುಡಿಸಿದ್ರು, ಆರಕ್ಕೂ ಹತ್ತಿರಹತ್ತಿರ ಒಂದೇ ಅಂಕ. ಇದು ಮತ್ತೆ ಅದು ಬೇರೆಯಾ ಅಂತ ಹೇಳೋಕೂ ಒದ್ದಾಡಿದ್ರು. ಅಂಥದ್ದರಲ್ಲಿ 2017ರಲ್ಲಿ ಬೀಟೆ ಜಾತಿಯ ಎಲ್ಲಾ ಮರಗಳಿಗೂ ರಫ್ತಿನ ಕಟ್ಟುನಿಟ್ಟು ಬಂದಾಗ ವಾದ್ಯ ಮಾಡೋರೆಲ್ಲಾ ಕಂಗಾಲಾಗಿ, ಕೊನೆಗೆ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಡಬೇಕಾಯ್ತು. ಇಲ್ಲಿ ಪಶ್ಚಿಮಘಟ್ಟದಲ್ಲಿ ಬೀಟೆ ಕಳ್ಳತನ ನಿಂತಿಲ್ಲ. ಕಿವಿಗೆ ಗೊತ್ತೇ ಆಗದ ವ್ಯತ್ಯಾಸಕ್ಕೆ ಕಾಡಿನ ಮರ ಉರುಳತ್ತೆ ಅಂದ್ರೆ ನಂಗೆ ಹೊಟ್ಟೆ ಉರಿಯತ್ತೆ, ಅದು ಬೇರೆ ಬರಹಕ್ಕೆ ಇರಲಿ.

ಹಾಗಾದ್ರೆ ಕಿವಿ ಏನನ್ನ ಹಿಡಿಯತ್ತೆ? ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಥರದ್ದು ಒಂದು ಫ್ರೀ ಸಾಫ್ಟ್‌ವೇರ್ ಇದ್ರೆ ನೀವೇ ಮಾಡಿ ನೋಡಬಹುದು. ವೀಣೆಯ ಒಂದೇ ಒಂದು ಮೀಟು ರೆಕಾರ್ಡ್ ಮಾಡಿ, ದೊಡ್ಡದಾಗಿ ಝೂಮ್ ಮಾಡಿದ್ರೆ ಮೊದಲಿಗೆ ಮುಳ್ಳುಮುಳ್ಳಾಗಿ ಗಜಿಬಿಜಿ ಕಾಣತ್ತೆ, ಉಗುರು ತಂತಿಯಿಂದ ಜಾರಿದ ಕ್ಷಣ ಅದು, ಆಮೇಲೆ ಅಲೆ ಸಮ ಆಗಿ ನಿಧಾನಕ್ಕೆ ಸಣ್ಣ ಆಗ್ತಾ ಹೋಗತ್ತೆ. ಆ ಮುಳ್ಳಿನ ಭಾಗ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ, ಕಣ್ಣುರೆಪ್ಪೆ ಮಿಟುಕಿಸೋವಷ್ಟು ಹೊತ್ತಿನ ತುಂಡು ಅಷ್ಟೇ. ಈಗ ಪ್ಲೇ ಮಾಡಿದ್ರೆ ವೀಣೆ ಮಾಯ, ಯಾವುದೋ ಊದೋ ವಾದ್ಯ ದೂರದಲ್ಲಿ ಕೇಳಿಸಿದ ಹಾಗೆ. ಹಿಂದುಮುಂದು ತಿರುಗಿಸಿ ಪ್ಲೇ ಮಾಡಿ, ಹಾರ್ಮೋನಿಯಂ ತಿದಿ ಎಳೆದ ಹಾಗೆ ಉಬ್ಬಿ ಬಂದು ಟಕ್ ಅಂತ ನಿಲ್ಲತ್ತೆ. ಎರಡರಲ್ಲೂ ಅದೇ ಮರ, ಅದೇ ತಂತಿ, ಅದೇ ಸ್ವರ. ಇದು ಹೊಸ ಸಂಗತಿ ಏನಲ್ಲ, 1964ರಲ್ಲೇ ಸಾಲ್ಡನ್ಹಾ ಮತ್ತೆ ಕೋರ್ಸೋ ಅನ್ನೋ ಇಬ್ಬರು ಸಂಶೋಧಕರು ಬೇರೆ ಬೇರೆ ವಾದ್ಯಗಳ ಸ್ವರದ ಶುರುವಾತನ್ನ ಕತ್ತರಿಸಿ ಕೇಳಿಸಿದಾಗ ಸಂಗೀತ ಬಲ್ಲವರೂ ವಾದ್ಯದ ಹೆಸರು ತಪ್ಪು ಹೇಳೋದು ಜಾಸ್ತಿ ಆಗಿತ್ತು. ಅಂದ್ರೆ ವಾದ್ಯದ ಗುರುತು ಬಹುಪಾಲು ಸ್ವರ ಹುಟ್ಟೋ ಹೊತ್ತಿನಲ್ಲೇ ಇದೆ, ಆ ಹೊತ್ತು ಮರಕ್ಕಿಂತ ಹೆಚ್ಚಾಗಿ ಬೆರಳಿನದ್ದು.

ಅದಕ್ಕೇ ನೋಡಿ, ದೊರೆಸ್ವಾಮಿ ಅಯ್ಯಂಗಾರರ ವೀಣೆ ಮತ್ತೆ ಎಸ್. ಬಾಲಚಂದರ್ ವೀಣೆ, ಕೇಳಿ ಅಭ್ಯಾಸ ಇರೋರಿಗೆ ಎರಡು ಮೀಟು ಸಾಕು, ಹಾಳಾದ ಕ್ಯಾಸೆಟ್ಟಿನಲ್ಲಿ ಹಾಕಿದ್ರೂ ಗೊತ್ತಾಗತ್ತೆ. ಅಯ್ಯಂಗಾರರದ್ದು ಮೈಸೂರು ಬಾನಿ, ಸ್ವರ ಬಿಡಿಬಿಡಿಯಾಗಿ ಮುತ್ತು ಪೋಣಿಸಿದ ಹಾಗೆ, ಮೀಟಿನ ಹದದಲ್ಲೇ ಅರ್ಧ ಸಂಗೀತ. ಬಾಲಚಂದರ್ ಒಂದೇ ಮೆಟ್ಟಿನ ಮೇಲೆ ತಂತಿ ಎಳೆದು ಎಳೆದು ಮೂರು ನಾಲ್ಕು ಸ್ವರ ತೆಗೀತಿದ್ರು. ಇಬ್ಬರೂ ವೀಣೆ ಬದಲಾಯಿಸ್ಕೊಂಡಿದ್ರೂ ನಮಗೆ ಗುರುತು ತಪ್ತಿರ್ಲಿಲ್ಲ ಅಂತ ನನ್ನ ನಂಬಿಕೆ. ಕದ್ರಿ ಗೋಪಾಲನಾಥರನ್ನ ನೆನೆಸ್ಕೊಳ್ಳಿ, ಮೈಸೂರಿನ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು ಅದರ ಮೇಲೆ ಕರ್ನಾಟಕ ಸಂಗೀತ ತಂದವರು. ಪಕ್ಕದ ರೂಮಲ್ಲಿ ರೇಡಿಯೋ ಹಾಕಿದ್ರೆ ನಾಗಸ್ವರ ಬರ್ತಿದೆ ಅಂದ್ಕೊಳ್ಳೋರನ್ನ ನಾನೇ ನೋಡಿದ್ದೀನಿ. ಹಿತ್ತಾಳೆ ವಾದ್ಯ ಅದು, ಆದ್ರೆ ಗಮಕ, ಅಂದ್ರೆ ಸ್ವರವನ್ನ ತೂಗಿ ಜಾರಿಸೋ ರೀತಿ, ನಾಗಸ್ವರದ್ದು, ಕಿವಿ ಗಮಕದ ಹಿಂದೆ ಹೋಗತ್ತೆ.

ಇದೇ ತಲೆಯಲ್ಲಿ ಇಟ್ಕೊಂಡು ಹೋದ ದಸರಾ ರಜೆಯಲ್ಲಿ ಮೈಸೂರಲ್ಲಿ ಸೋದರಮಾವನ ಮನೇಲಿ ಒಂದು ಆಟ ಕಟ್ಟಿದ್ವಿ. ಮಾವನ ಸೊಸೆ, ನನಗೆ ಅತ್ತಿಗೆ, ಚೆನ್ನಾಗಿ ವೀಣೆ ನುಡಿಸ್ತಾರೆ, ಅವರದ್ದು ಹಲಸಿನದು. ಅವರ ಸ್ನೇಹಿತೆಯ ಮನೆಯಿಂದ ಬೀಟೆದೊಂದು ತಂದ್ವಿ. ದೇವರಮನೆ ಪಕ್ಕದ ರೂಮಲ್ಲಿ ಅತ್ತಿಗೆ, ಹಾಲಿನಲ್ಲಿ ನಾವು, ಮಧ್ಯೆ ಮಂಚದ ಮೇಲಿನ ಬೆಡ್‌ಶೀಟ್ ಪರದೆ. ಎರಡರಲ್ಲೂ ಅದೇ ತೋಡಿ. ಎರಡೂ ಬೇರೆ ಬೇರೆ ಅಂತ ಎಲ್ಲರಿಗೂ ಗೊತ್ತಾಯ್ತು, ಸಂಗೀತದ ಗಂಧ ಇಲ್ಲದ ನಮ್ಮ ಭಾವನಿಗೂ. ಮಾವ ಮಾತ್ರ ಕಾಲ ಮೇಲೆ ಕಾಲು ಹಾಕ್ಕೊಂಡು, "ಎರಡನೇದು ಹಲಸು ಕಣೋ, ಆ ಗುಂಯ್ ಅನ್ನೋದು ಹಲಸಿಗೇ ಬರೋದು, ಬೀಟೆಗೆ ಬರಲ್ಲ" ಅಂತ ತೀರ್ಪು ಕೊಟ್ರು. ಎರಡನೇದು ಬೀಟೆ. ಆ ಸ್ನೇಹಿತೆ ಹಿಂದಿನ ವಾರ ಅಷ್ಟೇ ತಂತಿ ಪೂರ್ತಿ ಬದಲಾಯಿಸಿದ್ರಂತೆ, ಹೊಸ ತಂತಿಯ ಗುಂಯ್ ಅದು. ಅಂದ್ರೆ ಮಾವನ ಕಿವಿ ಕೇಳಿದ್ದು ನಿಜವನ್ನೇ, ಬಾಯಿ ಕೊಟ್ಟ ಹೆಸರು ಮಾತ್ರ ಬೇರೆಯವರದ್ದು.

ದೊಡ್ಡಮ್ಮ ಮೂಲೆಯಲ್ಲಿ ಬತ್ತಿ ಹೊಸೀತಾ ಕೂತಿದ್ರು, ಅವರನ್ನ ಯಾರೂ ಕೇಳಿರ್ಲಿಲ್ಲ. ಅತ್ತಿಗೆ ಹೊರಗೆ ಬಂದ ಮೇಲೆ, "ಮರ ಯಾವುದೋ ನಂಗೊತ್ತಿಲ್ಲಮ್ಮ, ಎರಡನೇ ಸಲ ಯಾಕೆ ಅಂಜ್ಕೊಂಡು ನುಡಿಸ್ದೆ, ಗಾಂಧಾರ ಪೂರ್ತಿ ಎಳೀಲೇ ಇಲ್ಲ" ಅಂದ್ರು. ಅತ್ತಿಗೆ ನಕ್ಬಿಟ್ರು. ಪರರ ವೀಣೆ, ಹೊಸ ತಂತಿ, ಮೇಣದಲ್ಲಿ ಕೂರಿಸಿದ ಮೆಟ್ಟುಗಳ ಎತ್ತರ ತನ್ನ ವೀಣೆ ಥರ ಇಲ್ಲ, ಎಳೆದ್ರೆ ತಂತಿ ಕಿತ್ತು ಹೋಗತ್ತೇನೋ ಅಂತ ಒಳಗೊಳಗೇ ಹೆದರಿಕೆ ಇತ್ತಂತೆ. ನಂಗೆ ಆವತ್ತಿನ ಆಟದಲ್ಲಿ ಮುಖ್ಯ ಅನ್ಸಿದ್ದು ಇದೇ. ವಾದ್ಯ ಕೇಳುಗನಿಗೆ ನೇರವಾಗಿ ಬಂದು ತಲುಪೋದು ಸ್ವಲ್ಪ, ನುಡಿಸೋರ ಕೈ ಮೂಲಕ ಸುತ್ತಿಕೊಂಡು ತಲುಪೋದೇ ಜಾಸ್ತಿ. ಒಳ್ಳೆ ವಾದ್ಯ ಸಿಕ್ಕಿದ್ರೆ ಕೈ ಧೈರ್ಯ ಮಾಡತ್ತೆ, ಆ ಧೈರ್ಯ ಕೊನೇ ಸಾಲಿನವರೆಗೂ ಕೇಳತ್ತೆ. ಹೆಸರಾಂತ ಪಿಟೀಲು ವಾದಕರು ತಮ್ಮ ಸ್ಟ್ರಾಡಿವೇರಿಯಸ್ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡೋದು ನಾಟಕ ಅಲ್ಲ ಅಂತ ಅದಕ್ಕೇ ಅನ್ಸತ್ತೆ. ಇದು ಮುನ್ನೂರು ವರ್ಷದ್ದು ಅಂತ ಗೊತ್ತಿದ್ದು ನುಡಿಸೋ ಕೈ ಬೇರೆ ಥರನೇ ನುಡಿಸತ್ತೆ, ವೆಲ್ಡಿಂಗ್ ಕನ್ನಡಕ ಹಾಕಿದ ತಕ್ಷಣ ಆ ಕೈಯನ್ನೂ ಪರೀಕ್ಷೆಯಿಂದ ತೆಗೆದ ಹಾಗಾಯ್ತು.

ಇಷ್ಟೆಲ್ಲಾ ಹೇಳಿ ವಾದ್ಯದ ಮೈಯಲ್ಲಿ ಏನೂ ಇಲ್ಲ ಅಂದ್ರೆ ತಂಬೂರಿ ನನ್ನನ್ನ ಕ್ಷಮಿಸಲ್ಲ. ತಂಬೂರಿಗೆ ಗಮಕ ಇಲ್ಲ, ಬೆರಳಿನ ಚಮತ್ಕಾರ ಇಲ್ಲ, ನಾಲ್ಕು ತಂತಿ ಸುಮ್ನೆ ತಡವೋದು. ಅಲ್ಲಿ ಕುದುರೆ, ಅಂದ್ರೆ ತಂತಿಗಳನ್ನ ಹೊತ್ತಿರೋ ಬ್ರಿಡ್ಜ್, ಅದರ ಮೇಲೆ ತಂತಿ ಅಡಿಗೆ ಒಂದು ಎಳೆ ಹತ್ತಿ ದಾರ ಇರತ್ತೆ, ಜೀವಾಳಿ. ಶ್ರುತಿ ಮಾಡಿ ಆದ್ಮೇಲೆ ಆ ದಾರವನ್ನ ಬೆರಳತುದಿಯಲ್ಲಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸ್ತಾ ಹೋದ್ರೆ ಮೊದ್ಲು ಮಂಕಾಗಿ ಟೊಣ್ ಅಂತಿದ್ದ ತಂತಿ ಒಂದು ಜಾಗಕ್ಕೆ ಬಂದ ಕೂಡಲೇ ಝೇಂಕಾರ ಬಿಚ್ಚಿಕೊಳ್ಳತ್ತೆ, ಇನ್ನೊಂಚೂರು ಸರಿದ್ರೆ ಕಿರಕಿರ. ಇದನ್ನ ಯಾರ ಕಿವಿಗೆ ಬೇಕಾದ್ರೂ ಪರದೆ ಹಿಂದಿನಿಂದ ಕೇಳಿಸಿ, ಗೊತ್ತಾಗಲ್ಲ ಅನ್ನೋರು ಸಿಗಲ್ಲ. ಸಿ.ವಿ. ರಾಮನ್ ಬೆಂಗಳೂರಿಗೆ ಬರೋ ಮುಂಚೆ, ಕಲ್ಕತ್ತಾದಲ್ಲಿದ್ದಾಗಲೇ ಇದರ ಹಿಂದೆ ಬಿದ್ದಿದ್ರು, 1921ರಲ್ಲಿ ವೀಣೆ ತಂಬೂರಿಗಳ ಬಗ್ಗೆ ಬರೆದ್ರು. ಸಾಮಾನ್ಯ ತಂತಿಯನ್ನ ಸರಿಯಾಗಿ ಮಧ್ಯದಲ್ಲಿ ಮೀಟಿದ್ರೆ ಮೂಲ ಸ್ವರದ ಜೊತೆ ಸಣ್ಣಗೆ ಕೇಳೋ ಕೆಲವು ಮೇಲ್‌ಸ್ವರಗಳು ಹುಟ್ಟಬಾರದು ಅಂತ ಹಳೇ ನಿಯಮ, ತಂಬೂರಿಯಲ್ಲಿ ಅವೂ ಹುಟ್ಟುತ್ವೆ. ಕಾರಣ ಆ ಅಗಲದ, ಬಾಗಿದ ಕುದುರೆ, ಅಲುಗೋ ತಂತಿ ಅದರ ಮೈಯನ್ನ ಮುಟ್ಟಿ ಮುಟ್ಟಿ ಬಿಡ್ತಾ ಇರತ್ತೆ. ಲಕ್ಷಗಟ್ಟಲೆ ಬೆಲೆಯ ಮರ ಮಾಡದ ವ್ಯತ್ಯಾಸವನ್ನ ಹೊಲಿಗೆ ಡಬ್ಬಿಯ ದಾರದ ಚೂರು ಮಾಡತ್ತೆ.

ಇನ್ನೊಂದು ವ್ಯತ್ಯಾಸ ಎಲ್ಲರಿಗೂ ಗೊತ್ತಾಗೋದು ಜೋರು. ಮೈಸೂರು ಚೌಡಯ್ಯನವರು ಏಳು ತಂತಿ ಪಿಟೀಲು ಹಿಡಿದಿದ್ದು ಅದಕ್ಕೇ, ಮೈಕು ಇಲ್ಲದ ಕಾಲ, ದೊಡ್ಡ ಸಭೆ, ಹಿಂದೆ ಕೂತೋರಿಗೂ ಕೇಳ್ಬೇಕು, ಅದಕ್ಕೆ ಮೂರು ತಂತಿಗಳ ಪಕ್ಕ ಜೋಡಿ ತಂತಿ ಹಾಕಿಸಿದ್ರು. ಕೇಳುಗರು ಅದನ್ನ ಗುರುತಿಸಿದ್ರು, ಯಾಕಂದ್ರೆ ಅದು ನಿಜವಾಗ್ಲೂ ಬೇರೆ ಕೇಳ್ತಿತ್ತು. ಈಗ ಅದೂ ಹೋಯ್ತು. ಮೊನ್ನೆ ಒಂದು ಸಭೆಯಲ್ಲಿ ವೀಣೆಗೆ ಕಾಂಟ್ಯಾಕ್ಟ್ ಮೈಕು ಅಂಟಿಸಿ, ಟ್ರೆಬಲ್ ಏರಿಸಿ, ಮೇಲೊಂದಿಷ್ಟು ಎಕೋ ಸುರಿದು ಬಿಟ್ಟಿದ್ರು, ಕೀಬೋರ್ಡಿನ ಸಿತಾರ್ ಬಟನ್ ಒತ್ತಿದ ಹಾಗಿತ್ತು. ಪಕ್ಕದಲ್ಲಿದ್ದೋರು "ಒಳ್ಳೆ ಏಕಾಂಡ ವೀಣೆ ಸಾರ್, ಒಂದೇ ದಿಮ್ಮಿಯಲ್ಲಿ ಕೊರೆದಿದ್ದು, ನಾದ ನೋಡಿ" ಅಂದ್ರು. ಸೌಂಡ್ ಡೆಸ್ಕಿನ ಹುಡುಗ ಫೋನಲ್ಲಿ ರೀಲ್ಸ್ ನೋಡ್ತಿದ್ದ, ಆವತ್ತಿನ ಅರ್ಧ ನಾದ ಅವನದ್ದು.

ಒಂದು ಆಕ್ಷೇಪಣೆಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ಈ ಪರೀಕ್ಷೆಗಳಲ್ಲಿ ಕೇಳಿಸೋದು ಸಣ್ಣ ಸಣ್ಣ ತುಣುಕು, ಆದ್ರೆ ನಾವು ಕಚೇರಿಯಲ್ಲಿ ಕೂರೋದು ಎರಡೂವರೆ ಗಂಟೆ. ಬೆಂಗಳೂರಲ್ಲೇ ಹುಟ್ಟಿದ ಎಲೆಕ್ಟ್ರಾನಿಕ್ ತಂಬೂರಿ ಈಗ ಮನೆಮನೆಯಲ್ಲಿದೆ, ಅದೂ ಹೋಗಿ ಫೋನ್ ಆ್ಯಪ್ ಬಂದಿದೆ, ಅರ್ಧ ನಿಮಿಷ ಕೇಳಿಸಿದ್ರೆ ನಂಗೂ ವ್ಯತ್ಯಾಸ ಹೇಳೋಕೆ ಕಷ್ಟ ಆಗಬಹುದು. ಆದ್ರೆ ಸಾಧನೆಗೆ ಅಂತ ಒಂದು ಗಂಟೆ ಆನ್ ಮಾಡಿಟ್ರೆ ಯಾವಾಗಲೋ ತಲೆ ಭಾರ ಆಗತ್ತೆ, ಪ್ರತಿ ಸುತ್ತೂ ಪಕ್ಕಾ ಒಂದೇ ಥರ ಇರೋದಕ್ಕೋ ಏನೋ, ನಿಜವಾದ ತಂಬೂರಿ ಜೊತೆ ಹಾಗಾಗಲ್ಲ. ಇದು ಕಿವಿ ಕೇಳಿದ್ದೋ, ಇದು ಮೆಷೀನು ಅಂತ ಗೊತ್ತಿರೋ ತಲೆ ಹೇಳಿದ್ದೋ, ನೋಡೋಕೆ ಒಂದೇ ದಾರಿ, ಒಂದು ಗಂಟೆ ಪರದೆ ಹಿಂದೆ. ಅತ್ತಿಗೆ ತಯಾರಿದ್ದಾರೆ, ದೊಡ್ಡಮ್ಮ ಬತ್ತಿ ಹೊಸೀತಾ ಕೂತ್ಕೋತೀನಿ ಅಂದಿದ್ದಾರೆ. ಮಾವನಿಗೆ ಫೋನ್ ಮಾಡಿದ್ರೆ, "ಬರ್ತೀನಿ, ಆದ್ರೆ ಪರದೆ ಗಿರದೆ ಬೇಡ ಕಣೋ, ನಾನೇ ಕಣ್ಣು ಮುಚ್ಕೊಂಡು ಕೂತ್ಕೋತೀನಿ, ಅಷ್ಟೂ ನಂಬಿಕೆ ಇಲ್ವಾ ನನ್ ಮೇಲೆ" ಅಂತಿದ್ದಾರೆ. ಚೌಕಾಸಿ ನಡೀತಿದೆ.